ಅಜ್ಜಿ, ಅರ್ಜಿ ಮತ್ತು ಒಬ್ಬ ಸಪ್ಲಿಕೆಂಟ್

ಇಂಗ್ಲಿಷ್ ಮೇಷ್ಟ್ರು ರಿಟೈರ್ ಆದ ಮೇಲೆ ಊರಿನವರಿಗೆ ಅವನ ನೆನಪಾಗುವುದು ಎರಡೇ ಸಂದರ್ಭದಲ್ಲಿ. ಮಗಳ ಮದುವೆಯ ಕರೆಯೋಲೆಯಲ್ಲಿ ಇಂಗ್ಲಿಷ್ ಮಗ್ಗುಲಿನ ಸ್ಪೆಲ್ಲಿಂಗ್ ನೋಡಿಸಬೇಕಾದಾಗ, ಮತ್ತು ಯಾವುದಾದರೂ ಕಚೇರಿಗೆ ಅರ್ಜಿ ಹಾಕಬೇಕಾದಾಗ. ಮೊದಲನೆಯದಕ್ಕೆ ಹೋಳಿಗೆ ಊಟವಾದರೂ ಸಿಗುತ್ತದೆ. ಎರಡನೆಯದಕ್ಕೆ ಸಿಗುವುದು ‘ನೀವಿದ್ದೀರಲ್ಲ ಸಾರ್, ಇನ್ನೇನು’ ಎಂಬ ಒಂದು ಮಾತು. ನನಗೆ ಹೋಳಿಗೆಗಿಂತ ಆ ಮಾತೇ ರುಚಿ. ಸಕ್ಕರೆ ಕಾಯಿಲೆ ಇರುವುದರಿಂದ ಹೀಗನ್ನುತ್ತಿದ್ದಾನೆ ಎಂದುಕೊಳ್ಳಬೇಡಿ. ಅದು ಇಲ್ಲದ ಕಾಲದಲ್ಲೂ ನಾನು ಹೀಗೇ ಇದ್ದೆ.

ಎದುರಿಗೆ ಕೂತವರು ತಮ್ಮ ಕಷ್ಟ ಹೇಳಿಕೊಳ್ಳುತ್ತಿರುವಾಗಲೇ ನನ್ನ ತಲೆಯೊಳಗೆ ವಾಕ್ಯಗಳು ಎದ್ದು ಕೂರತೊಡಗುತ್ತವೆ. ಬೀದಿ ದೀಪ ಕೆಟ್ಟು ತಿಂಗಳಾಯಿತು ಸಾರ್ ಎಂದು ಅವರು ನಿಟ್ಟುಸಿರು ಬಿಟ್ಟರೆ, ನನಗೆ ಗ್ರೀಕರ ನರಕದ ನದಿಯ ಕತ್ತಲು, ಅದರಲ್ಲಿ ತಡಕಾಡುವ ತೆರಿಗೆದಾರ, ಅವನ ಮೇಲೆ ಕರುಣೆಯ ಕಿರಣ ಬೀರಬೇಕಾದ ಮುಖ್ಯಾಧಿಕಾರಿ, ಎಲ್ಲರೂ ಒಂದೇ ಉದ್ದ ವಾಕ್ಯದಲ್ಲಿ ಸಾಲಾಗಿ ಕಾಣುತ್ತಾರೆ. ಅವರ ಮುಖದಲ್ಲಿ ಸಂಕಟ, ನನ್ನ ಮುಖದಲ್ಲಿ ಸಣ್ಣ ನಗೆ. “ರೀ, ಅವರು ಕಷ್ಟ ಹೇಳ್ಕೊಳ್ಳೋವಾಗ ನಗಬೇಡಿ, ಚೆನ್ನಾಗಿರಲ್ಲ” ಎಂದು ಹೆಂಡತಿ ಕಾಫಿ ಇಡುವ ನೆಪದಲ್ಲಿ ಬಂದು ಎಚ್ಚರಿಸಿ ಹೋಗುತ್ತಾಳೆ.

ಬೇಡುವ ಇಂಗ್ಲಿಷನ್ನು ನಾವು ಕಲಿಯುವುದೇ ಬಹಳ ಎಳೆಯದರಲ್ಲಿ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂಬುದು ಕರ್ನಾಟಕದ ಮಕ್ಕಳಿಗೆ ಬರುವ ಮೊದಲ ಇಂಗ್ಲಿಷ್ ಕಾಯಿಲೆ. ಅಕ್ಕನ ಮದುವೆಯಿರಲಿ, ಊರಹಬ್ಬವಿರಲಿ, ರಜಾ ಚೀಟಿಯಲ್ಲಿ ಬರುವುದು ಜ್ವರವೇ. ದೊಡ್ಡವರಾದ ಮೇಲೆ ಜ್ವರ ಬಿಡುತ್ತದೆ, ‘ಐ ಬೆಗ್ ಟು ಸ್ಟೇಟ್’ ಹಿಡಿದುಕೊಳ್ಳುತ್ತದೆ. ಕನ್ನಡದವರೇನು ಕಮ್ಮಿಯಲ್ಲ. ಹಳಗನ್ನಡದ ಶಾಸನಗಳಲ್ಲೇ ಬಿನ್ನಪಂಗೆಯ್ದವರ ಸಾಲು ಇದೆ. ಇವತ್ತಿನ ‘ದಯಾಳುಗಳಾದ ತಾವು ದೊಡ್ಡ ಮನಸ್ಸು ಮಾಡಿ’ ಅವರ ಮರಿಮಕ್ಕಳು. ಎದುರಿನ ವ್ಯಕ್ತಿ ದಯಾಳುವೋ ಅಲ್ಲವೋ, ಅವರ ಮನಸ್ಸಿನ ಅಳತೆ ಎಷ್ಟೋ, ಅರ್ಜಿದಾರನಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಹಾಗೆ ಬರೆಯುತ್ತಲೂ ಇರಲಿಲ್ಲ.

ಈಗಿನವರನ್ನು ಕಂಡರೆ ನನಗೆ ಮೈಯುರಿಯುವುದು ಇಲ್ಲೇ. ವಾಟ್ಸಾಪಿನಲ್ಲಿ ಒಂದು ಫೋಟೋ ಹಾಕಿ, ಕೆಳಗೆ ‘ಪ್ಲೀಸ್ ಡೂ ದ ನೀಡ್‌ಫುಲ್’ ಎಂದು ಒತ್ತಿ, ಕೈಮುಗಿದ ಎರಡು ಹಳದಿ ಬೊಂಬೆ ಅಂಟಿಸಿಬಿಟ್ಟರೆ ಅರ್ಜಿಯಾಯಿತಂತೆ. ಬೇಡಿಕೆಗೆ ಒಂದು ಆರೋಹಣ ಅವರೋಹಣ ಬೇಡವೇ? ಹಳೆಯ ಅರ್ಜಿಗಳನ್ನು ನೋಡಬೇಕು. ಮೊದಲಿಗೇ ‘ಮೋಸ್ಟ್ ಹಂಬ್ಲಿ ಶೋಎತ್’. ಬರೆಯುವಾಗ ಅದಕ್ಕೆ ಮಧ್ಯದಲ್ಲೊಂದು ಡಬ್ಲ್ಯು. ನನ್ನ ವಿದ್ಯಾರ್ಥಿಗಳೆಲ್ಲ ‘ಶೆವೆತ್’ ಎಂದೇ ಓದುತ್ತಿದ್ದರು, ಅವರಲ್ಲಿ ಕೆಲವರು ವಕೀಲರಾಗಿ ಈಗಲೂ ಹಾಗೇ ಓದುತ್ತಿದ್ದಾರೆ. ಕೊನೆಗೆ ಮುಕ್ತಾಯದ ಮಂಗಳಾರತಿ: ಈ ಒಂದು ಉಪಕಾರಕ್ಕಾಗಿ ಅರ್ಜಿದಾರನು ಕರ್ತವ್ಯಬದ್ಧನಾಗಿ ಎಂದೆಂದಿಗೂ ತಮಗಾಗಿ ಪ್ರಾರ್ಥಿಸುತ್ತಿರುವನು. ಹೀಗೆ ಸಹಿ ಮಾಡಿದವರೆಲ್ಲ ನಿಜವಾಗಿ ಪ್ರಾರ್ಥಿಸಿದ್ದರೆ ಬ್ರಿಟಿಷರ ಕಾಲದ ಕಲೆಕ್ಟರುಗಳು ಇನ್ನೂ ಬದುಕಿರಬೇಕಿತ್ತು. ಕೋರ್ಟುಗಳಲ್ಲಿ ಇಂದಿಗೂ ಕಕ್ಷಿದಾರ ಕೇಳುವ ಪರಿಹಾರಕ್ಕೆ ‘ಪ್ರೇಯರ್’ ಎಂದೇ ಹೆಸರು. ಪಕ್ಕದ ಸೈಟಿನವನು ಅರ್ಧ ಅಡಿ ಒತ್ತುವರಿ ಮಾಡಿದ್ದಾನೆ ಎಂಬುದೂ ಅಲ್ಲಿ ಪ್ರಾರ್ಥನೆಯೇ.

ಈ ಪರಂಪರೆಯ ಮೇರುಕೃತಿ ಇರುವುದು ದೆಹಲಿಯ ರೈಲ್ವೆ ಮ್ಯೂಸಿಯಮ್ಮಿನಲ್ಲಿ. ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಬಾಬು 1909ರಲ್ಲಿ ಸಾಹಿಬ್‌ಗಂಜ್ ರೈಲ್ವೆ ಕಚೇರಿಗೆ ಬರೆದ ಕಾಗದ. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿ, ಅಹಮದ್‌ಪುರ ಸ್ಟೇಷನ್ನಿನಲ್ಲಿ ಇಳಿದು ಅವಸರಕ್ಕೆ ಕೂತಿದ್ದಾಗ ಗಾರ್ಡು ಸೀಟಿ ಊದಿದ. ಒಂದು ಕೈಯಲ್ಲಿ ಚೆಂಬು, ಇನ್ನೊಂದು ಕೈಯಲ್ಲಿ ಧೋತರ ಹಿಡಿದು ಓಡುತ್ತ ಬಾಬು ಪ್ಲಾಟ್‌ಫಾರಂ ತುಂಬಾ ಹೆಂಗಸರು ಗಂಡಸರ ಎದುರಿಗೇ ಬಿದ್ದರು, ರೈಲು ಹೊರಟುಹೋಯಿತು. ರೈಲಿನ ಡಬ್ಬಿಗಳಲ್ಲಿ ಕಕ್ಕಸು ಬಂದದ್ದು ಈ ಕಾಗದದಿಂದಲೇ ಎಂದು ಜನ ಹೇಳುತ್ತಾರೆ. ಇರಲಿ. ಕಾಗದದ ಇಂಗ್ಲಿಷ್ ಓದಿ ದೇಶವೆಲ್ಲ ನಗುತ್ತದೆ, ನಾನೂ ತರಗತಿಯಲ್ಲಿ ನಗಿಸಿದ್ದೇನೆ. ಆದರೆ ಕೊನೆಯ ಸಾಲು ಏನು? ಸಾರ್ವಜನಿಕರ ಹಿತಕ್ಕಾಗಿ ಆ ಗಾರ್ಡಿಗೆ ದೊಡ್ಡ ದಂಡ ಹಾಕಿ ಎಂದು ಪ್ರಾರ್ಥಿಸುತ್ತೇನೆ, ಇಲ್ಲದಿದ್ದರೆ ಪತ್ರಿಕೆಗಳಿಗೆ ದೊಡ್ಡದಾಗಿ ಬರೆಯುತ್ತೇನೆ. ಪ್ರಾರ್ಥನೆ ಮತ್ತು ಧಮಕಿ, ಒಂದೇ ಉಸಿರಿನಲ್ಲಿ. ಬಿದ್ದ ಮನುಷ್ಯ ಬಿದ್ದಲ್ಲೇ ಇರಲಿಲ್ಲ.

ಹೀಗೆ ಬೇಡುವವನಿಗೆ ಒಪ್ಪುವ ಪದ ಇಂಗ್ಲಿಷಿನಲ್ಲಿದೆ. ಸಪ್ಲಿಕೆಂಟ್. ಅದರ ಹಿರಿಯಕ್ಕ ಸಪ್ಲಿಯಂಟ್, ನಾಟಕ ಕಾವ್ಯಗಳ ಮನೆಯವಳು. ಲ್ಯಾಟಿನ್ನಿನ ಮಂಡಿಯೂರುವ ಮಾತಿನಿಂದ ಹುಟ್ಟಿದ್ದು ಇಬ್ಬರೂ. ಮಾತಿನ ಹಿಂದಿನ ನೋಟ ಗ್ರೀಕರದು: ಬೇಡುವವನು ಹೋಗಿ ಎದುರಿನವನ ಮಂಡಿಯನ್ನು ಅಪ್ಪಿಕೊಳ್ಳಬೇಕು, ಇನ್ನೊಂದು ಕೈಯಿಂದ ಗದ್ದ ಹಿಡಿಯಬೇಕು. ಹೋಮರನಲ್ಲಿ ಥೆಟಿಸ್ ದೇವತೆ ತನ್ನ ಮಗ ಅಕಿಲಿಸನ ಪರವಾಗಿ ಜ್ಯೂಸ್ ದೇವರ ಹತ್ತಿರ ಹೋದಾಗ ಎಡಗೈಯಲ್ಲಿ ಮಂಡಿ, ಬಲಗೈಯಲ್ಲಿ ಗದ್ದ. ಇದನ್ನು ಮೊದಲ ಸಲ ಓದಿದಾಗ ನನಗೆ ಯಾವ ಅಡಿಟಿಪ್ಪಣಿಯೂ ಬೇಕಾಗಲಿಲ್ಲ. ‘ದಮ್ಮಯ್ಯ, ನಿನ್ನ ಗದ್ದ ಹಿಡೀತೀನಿ, ಒಂದು ತುತ್ತು ತಿನ್ನು’ ಎಂದು ನಮ್ಮಮ್ಮ ನನ್ನ ಹಿಂದೆ ಅಂಗಳವೆಲ್ಲ ಓಡಿದ್ದಳಲ್ಲ. ಕಾಲು ಹಿಡಿಯುವುದು ನಮಗೇನು ಹೊಸದೇ, ಕೆಲಸವಾಗಬೇಕಾದರೆ ಕತ್ತೆಯದಾದರೂ ಸರಿ ಎಂದವರು ನಾವು.

ಆದರೆ ಗ್ರೀಕರು ಮಂಡಿಯನ್ನೇ ಆರಿಸಿಕೊಂಡದ್ದರಲ್ಲಿ ಒಂದು ಉಪಾಯ ಇದೆ ಎಂದು ನನ್ನ ಗುಮಾನಿ. ಮಂಡಿ ಅಪ್ಪಿಕೊಂಡರೆ ಎದುರಿನವನು ನಡೆಯಲಾರ. ಗದ್ದ ಹಿಡಿದರೆ ಮುಖ ತಿರುಗಿಸಲಾರ. ಮಗನನ್ನು ಕೊಂದ ಅಕಿಲಿಸನ ಡೇರೆಗೆ ಮುದುಕ ದೊರೆ ಪ್ರಯಾಮ್ ರಾತ್ರಿ ನುಗ್ಗಿ, ಮಂಡಿ ಹಿಡಿದು, ಕೊಂದ ಆ ಕೈಗಳಿಗೇ ಮುತ್ತಿಟ್ಟು ಹೆಣ ಕೇಳಿದಾಗ, ಕಟ್ಟಿಬಿದ್ದವನು ಅಕಿಲಿಸ್. ಈಸ್ಕಿಲಸ್‌ನ ‘ದಿ ಸಪ್ಲಿಯಂಟ್ಸ್’ ನಾಟಕದಲ್ಲಿ ಈಜಿಪ್ಟಿನ ದಾಯಾದಿಗಳನ್ನು ಮದುವೆಯಾಗಲೊಲ್ಲದೆ ಓಡಿಬಂದ ಡಾನಾಯಸ್‌ನ ಐವತ್ತು ಹೆಣ್ಣುಮಕ್ಕಳು ಆರ್ಗೋಸ್ ಪಟ್ಟಣದ ದೇವರುಗಳ ಮುಂದೆ ಉಣ್ಣೆ ಸುತ್ತಿದ ಕೊಂಬೆ ಹಿಡಿದು ಕೂರುತ್ತಾರೆ. ದೊರೆ ಪೆಲಾಸ್ಗಸ್ ತಲೆ ಕೆರೆದುಕೊಳ್ಳುತ್ತಾನೆ. ನಾನೊಬ್ಬನೇ ಹೇಳಲಾಗದು, ಜನರನ್ನು ಕೇಳಬೇಕು ಅನ್ನುತ್ತಾನೆ. ಆಗ ಹುಡುಗಿಯರು ವಿನಯವಾಗಿ ತಮ್ಮ ಸೊಂಟದ ಪಟ್ಟಿ ತೋರಿಸುತ್ತಾರೆ. ಬಹಳ ಗಟ್ಟಿ ಪಟ್ಟಿಗಳು ಸ್ವಾಮಿ, ಇಲ್ಲವೆಂದರೆ ಇವುಗಳಿಂದ ಈ ನಿಮ್ಮ ದೇವರ ಮೂರ್ತಿಗಳಿಗೇ ನೇಣು ಹಾಕಿಕೊಳ್ಳುತ್ತೇವೆ. ಸಭೆ ಕೂಡಲೇ ಸೇರಿತು, ಎಲ್ಲರೂ ಕೈ ಎತ್ತಿದರು. ಇದೇ ಈಸ್ಕಿಲಸ್‌ನ ಇನ್ನೊಂದು ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದವರು ಬಿ.ಎಂ.ಶ್ರೀ. ‘ದಿ ಸಪ್ಲಿಯಂಟ್ಸ್’ ಅನ್ನು ನಾನು ಕನ್ನಡಕ್ಕೆ ತರಬೇಕೆಂದಿದ್ದೆ, ಪಾತ್ರ ಪರಿಚಯದವರೆಗೆ ಬಂದಿದೆ.

ನಮ್ಮ ವಾಮನನನ್ನೇ ನೋಡಿ. ಮೂರೇ ಹೆಜ್ಜೆ ಭೂಮಿ, ಕೊಡೆ, ಕಮಂಡಲ, ತಗ್ಗಿದ ತಲೆ. ಅಷ್ಟು ವಿನಯದ ಅರ್ಜಿ ಇನ್ನೊಂದಿಲ್ಲ. ಮಂಜೂರು ಮಾಡಿದವನು ಪಾತಾಳಕ್ಕೆ ಹೋದ.

ಇಷ್ಟೆಲ್ಲ ಪಾಂಡಿತ್ಯ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ ಎನ್ನುವಾಗ ಎದುರುಮನೆ ಅಜ್ಜಿ ಬಂದರು.

ಅಜ್ಜಿಗೆ ಎಂಬತ್ತು ದಾಟಿದೆ. ಯಜಮಾನರು ಕೇಂದ್ರ ಸರ್ಕಾರದ ಸರ್ವೆ ಕೆಲಸದಲ್ಲಿ ಕಾಡುಮೇಡು ಅಲೆದವರು; ಅವರು ಹೋದ ಮೇಲೆ ಕುಟುಂಬ ಪಿಂಚಣಿ ಬರುತ್ತಿತ್ತು. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ‘ನಾನು ಬದುಕಿದ್ದೇನೆ’ ಎಂದು ಅರಿಕೆ ಮಾಡಿಕೊಳ್ಳಬೇಕಷ್ಟೆ. ಎಂಬತ್ತು ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶ. ಬೇಗ ಬದುಕಿದ್ದು ತೋರಿಸಲಿ ಎಂಬ ದೂರದೃಷ್ಟಿ. ಅಜ್ಜಿ ತೋರಿಸಿದರು. ಹೆಬ್ಬೆಟ್ಟು ಕೊಟ್ಟರು, ಕ್ಯಾಮೆರಾಕ್ಕೆ ಕಣ್ಣು ಬಿಟ್ಟರು. ಆದರೆ ಪಿಂಚಣಿ ಆದೇಶದಲ್ಲಿ ಅವರ ಹೆಸರಿಗೆ ಇಂಗ್ಲಿಷಿನ ಒಂದು ಹೆಚ್ ಇತ್ತು, ಆಧಾರ್ ಕಾರ್ಡಿನಲ್ಲಿ ಇರಲಿಲ್ಲ. ಹೆಚ್ ಇದ್ದ ಅಜ್ಜಿ ಬದುಕಿರುವುದಕ್ಕೆ ದಾಖಲೆ ಇಲ್ಲ, ಹೆಚ್ ಇಲ್ಲದ ಅಜ್ಜಿಗೆ ಪಿಂಚಣಿ ಇಲ್ಲ. ಹಣ ನಿಂತಿತು.

“ಒಂದು ಲೆಟರ್ ಕೊಡಿ ಅಂದ್ರು ಮೇಷ್ಟ್ರೇ. ನೀವೇ ಬರೀಬೇಕು.”

ನಾನು ಬರೆದೆ. ಹೇಗೆ ಬರೆದೆ! ಶಾಖೆಯ ಅಧಿಕಾರಿಗಳು ಬೇರೆ ರಾಜ್ಯದವರು, ಕಾಗದ ಬೆಂಗಳೂರಿನ ಪಿಂಚಣಿ ಕೇಂದ್ರಕ್ಕೂ ಹೋಗಬೇಕು, ಆದ್ದರಿಂದ ಇಂಗ್ಲಿಷೇ ಆಗಲಿ ಎಂದು ಎಲ್ಲರೂ ಒಪ್ಪಿದ್ದರು. ವೈಧವ್ಯದ ಮುಸ್ಸಂಜೆಯಿಂದ ಹೊರಟು, ದಿವಂಗತ ಪತಿಯ ನಿಷ್ಠಾವಂತ ಸೇವೆಯ ಮೇಲೆ ಹಾದು, ಹೆಚ್ ಎಂಬ ಅಕ್ಷರವು ಇಂಗ್ಲಿಷ್ ಉಚ್ಚಾರಣೆಯಲ್ಲಿ ಎಷ್ಟೋ ಕಡೆ ಇದ್ದೂ ಇಲ್ಲದಂತಿರುವುದನ್ನು ಸೂಚಿಸಿ, ಎರಡನೆಯ ಪುಟದ ನಡುವಿನಲ್ಲಿ ಶಿಖರ ಮುಟ್ಟಿದೆ: ‘ದಿ ಹಂಬಲ್ ಸಪ್ಲಿಕೆಂಟ್.’ ಅಜ್ಜಿಗೆ ಆ ಪದ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಇನ್ನೂ ನಾಲ್ಕು ಕಡೆ ಕೂರಿಸಿದೆ. ಹೆಂಡತಿ ಓದಿ, “ಒಂದು ಹೆಚ್ ಸರಿಮಾಡೋದಕ್ಕೆ ಎರಡು ಪುಟಾನಾ?” ಎಂದಳು. ಕಲೆಯ ಸಂಕಟ ಇವಳಿಗೆ ಗೊತ್ತಾಗದು ಎಂದುಕೊಂಡು ಮಡಿಸಿ ಲಕೋಟೆಗೆ ಹಾಕಿದೆ. ಅಜ್ಜಿ ಜೊತೆಗೆ ನಾನೂ ಹೊರಟೆ. ಅಜ್ಜಿಗೆ ಸಹಾಯಕ್ಕೆ ಎಂದು ಊರಿಗೆ ಹೇಳಿದೆ. ಓದುವವರ ಮುಖ ನೋಡಲಿಕ್ಕೆ ಎಂಬುದು ನಿಜ.

ಕೌಂಟರಿನ ಹುಡುಗಿ ಕಾಗದ ಬಿಡಿಸಿದಳು. ಒಳ್ಳೆಯ ಹುಡುಗಿ, ತಾಳ್ಮೆಯಿಂದ ತುಟಿ ಆಡಿಸುತ್ತ ಓದಿದಳು. ಎರಡನೆಯ ಪುಟದ ನಡುವೆ ತುಟಿ ನಿಂತಿತು. ನಾನು ಉಸಿರು ಹಿಡಿದೆ.

“ಸಾರ್, ಇವರು ಸಪ್ಲಿಮೆಂಟರೀನಾ?”

“ಅಂದ್ರೆ?”

“ಸಪ್ಲಿ... ಅಂತ ಇದೆಯಲ್ಲ. ಸಪ್ಲಿಮೆಂಟರಿ ಎಕ್ಸಾಂ ಬರೆದಿದಾರಾ ಅಜ್ಜಿ?”

ಅಜ್ಜಿ ಗಾಬರಿಯಾದರು. “ಇಲ್ಲಮ್ಮಾ, ನಾನು ನಾಲ್ಕನೇ ಕ್ಲಾಸು ಒಂದೇ ಸಲಕ್ಕೆ ಪಾಸು.”

ನಾನು ಗಂಟಲು ಸರಿಮಾಡಿಕೊಂಡು, ಇಲ್ಲಮ್ಮ, ಅದು ಸಪ್ಲಿಕೆಂಟ್, ಬೇಡುವವಳು ಎಂದರ್ಥ ಎಂದೆ. ಪಕ್ಕದ ಟೇಬಲ್ಲಿನ ಹಿರಿಯ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, ಕಾಗದ ಇಸಿದುಕೊಂಡು, ನನ್ನನ್ನು ಮರುಕದಿಂದ ನೋಡಿದರು. “ಟೈಪಿಂಗ್ ಮಿಸ್ಟೇಕ್ ಕಣಮ್ಮ. ಅಪ್ಲಿಕೆಂಟ್ ಅಂತ ಇರಬೇಕು.” ಹೇಳಿದವರೇ ಕೆಂಪು ಪೆನ್ನು ತೆಗೆದು ಮೊದಲಿನ ಎಸ್ ಯು ಹೊಡೆದು ಅಲ್ಲೊಂದು ಎ ಹಾಕಲು ಹೊರಟರು. ಐದು ಕಡೆಗೂ! ನಾನು ಅವರ ಕೈ ಹಿಡಿದುಕೊಂಡೆ. ಅಕ್ಷರಶಃ ಹಿಡಿದುಕೊಂಡೆ, ಕೌಂಟರಿನ ಗಾಜಿನ ಕಿಂಡಿಯೊಳಗೆ ಮೊಳಕೈವರೆಗೆ ತೂರಿಸಿ. ಸೆಕ್ಯುರಿಟಿಯವನು ಸ್ಟೂಲಿನಿಂದ ಎದ್ದ.

“ತಪ್ಪಲ್ಲ ಸಾರ್ ಅದು! ಡಿಕ್ಷನರಿ ನೋಡಿ!”

ಡಿಕ್ಷನರಿ ಬ್ಯಾಂಕಿನಲ್ಲಿ ಎಲ್ಲಿರುತ್ತದೆ? ಹುಡುಗಿ ಮೊಬೈಲ್ ತೆಗೆದಳು. ನೆಟ್‌ವರ್ಕ್ ಇರಲಿಲ್ಲ. ಸಾಲಿನಲ್ಲಿ ನಿಂತಿದ್ದ ಪಿಗ್ಮಿ ಕಲೆಕ್ಟರು ತಮ್ಮ ಫೋನು ತೆಗೆದು, ಗಟ್ಟಿಯಾಗಿ ಹುಡುಕಿ, “ಇಲ್ಲಿ ಸಪ್ಲೈಯರ್ ಅಂತ ಬರ್ತಿದೆ” ಎಂದರು. ಅಜ್ಜಿ ಏನನ್ನು ಸಪ್ಲೈ ಮಾಡುತ್ತಾರೆ ಎಂಬ ಪ್ರಶ್ನೆ ಸಾಲಿನ ಕೊನೆಯವರೆಗೂ ಹೋಯಿತು. ಹಪ್ಪಳ ಎಂದು ಯಾರೋ ಅಂದರು. ಚಿನ್ನ ಅಡವಿಡಲು ಬಂದಿದ್ದ ಹೆಂಗಸೊಬ್ಬರು, ನಂಗೂ ಎರಡು ಕೇಜಿ ಬೇಕಿತ್ತು ಅಜ್ಜಿ, ಅಕ್ಕಿದೋ ಉದ್ದಿಂದೋ ಎಂದು ಕೇಳಿದರು. ಇಷ್ಟು ಹೊತ್ತಿಗೆ ಕೆಟ್ಟ ಪ್ರಿಂಟರ್ ನೋಡಲು ಮೇಜಿನ ಕೆಳಗೆ ಮಲಗಿದ್ದ ಸಿಸ್ಟಮ್ ಹುಡುಗ ಅಲ್ಲಿಂದಲೇ ತಲೆ ಹೊರಗೆ ಹಾಕಿದ.

“ಸಪ್ಲಿಕೆಂಟಾ? ಅದು ವೈಫೈದು ಮೇಡಂ.”

ಶಾಖೆ ಸ್ತಬ್ಧವಾಯಿತು. ಅವನು ಎದ್ದು ಬಂದು, ಮಂಡಿಯ ಧೂಳು ಕೊಡವಿಕೊಂಡು (ಮಂಡಿಯ ಧೂಳು! ನಾನು ಗಮನಿಸಿದೆ), ಪಾಠ ಮಾಡಿದ. ದೊಡ್ಡ ಆಫೀಸಿನ ನೆಟ್‌ವರ್ಕಿಗೆ ಸೇರಿಕೊಳ್ಳಬೇಕಾದ ಪ್ರತಿ ಲ್ಯಾಪ್‌ಟಾಪಿನೊಳಗೂ ಒಂದು ಪ್ರೋಗ್ರಾಂ ಕೂತಿರುತ್ತದೆ. ಅದರ ಕೆಲಸ, ಬಾಗಿಲಲ್ಲಿ ನಿಂತು ‘ನಾನು ಇಂಥವನು, ಒಳಗೆ ಬಿಡಿ’ ಎಂದು ಬೇಡುವುದು. ಅದಕ್ಕೆ ಸಪ್ಲಿಕೆಂಟ್ ಎಂದೇ ಹೆಸರು. ಬಾಗಿಲಲ್ಲಿ ಇರುವವನು ಅಥೆಂಟಿಕೇಟರ್. ಅವನಿಗೆ ಸ್ವಂತ ಅಧಿಕಾರ ಏನೂ ಇಲ್ಲ. ಕೇಳಿದ್ದನ್ನು ಒಳಗೆ ಕೂತ ಸರ್ವರ್‌ಗೆ ದಾಟಿಸುತ್ತಾನೆ, ಸರ್ವರ್ ಹೂಂ ಅನ್ನುವವರೆಗೂ ಬಾಗಿಲು ತೆಗೆಯುವುದಿಲ್ಲ. “ನಿಮ್ಮ ಆಂಡ್ರಾಯ್ಡ್ ಫೋನಲ್ಲೂ ಇದೆ ಸಾರ್, ಡಬ್ಲ್ಯುಪಿಎ ಸಪ್ಲಿಕೆಂಟ್ ಅಂತ.” ನಾನು ಜೇಬಿನಿಂದ ಫೋನು ತೆಗೆದು ಹೊಸ ಗೌರವದಿಂದ ನೋಡಿದೆ. ಇಷ್ಟು ದಿನ ನನ್ನ ಜೇಬಿನಲ್ಲೇ ಒಬ್ಬ ದೀನ ಪ್ರಾರ್ಥಕ, ಹೋದಹೋದಲ್ಲೆಲ್ಲ ವೈಫೈ ಗೋಪುರಗಳ ಮಂಡಿ ಹಿಡಿಯುತ್ತ! ಈ ವ್ಯವಸ್ಥೆಗೆ ಹೆಸರಿಟ್ಟ ಮಹಾಶಯ ಯಾವುದೋ ದೇಶದ ಯಾವುದೋ ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ಅಲೆದಿರಲೇಬೇಕು. ಅಥೆಂಟಿಕೇಟರ್ ಎಂದಾಗ ಎಲ್ಲರೂ ಅಟೆಂಡರನ್ನು ನೋಡಿದರು. ಅವನು, “ನಂಗ್ಯಾಕೆ ನೋಡ್ತೀರಾ, ಸಾಹೇಬ್ರು ಮೀಟಿಂಗಲ್ಲಿದಾರೆ” ಎಂದ.

ಆದದ್ದು ಇಷ್ಟೇ. ಹುಡುಗಿ ಕಾಗದವನ್ನು ಕಂಪ್ಯೂಟರಿಗೆ ಹತ್ತಿಸುವಾಗ ವಿಷಯ ಯಾವ ವಿಭಾಗದ್ದು ಎಂದು ಕೇಳುವ ಕಿಂಡಿಯಲ್ಲಿ, ನಡೆದ ಚರ್ಚೆಯ ಬೆಳಕಿನಲ್ಲಿ, ತಂತ್ರಜ್ಞಾನ ವಿಭಾಗವನ್ನು ಒತ್ತಿದಳು. ಅಜ್ಜಿಯ ಪಿಂಚಣಿಯ ಅಹವಾಲು, ವೈಧವ್ಯದ ಮುಸ್ಸಂಜೆಯ ಸಮೇತ, ನೆಟ್‌ವರ್ಕ್ ರಿಪೇರಿಯವರ ಹತ್ತಿರ ಹೋಯಿತು. ಕೆಲವು ದಿನಗಳಾದ ಮೇಲೆ ಅಜ್ಜಿ ಫೋನು ಹಿಡಿದು ಬಂದರು. ಇಂಗ್ಲಿಷಿನಲ್ಲಿ ಸಂದೇಶ: ಸಪ್ಲಿಕೆಂಟ್ ಕುರಿತ ತಮ್ಮ ದೂರನ್ನು ಪರಿಹರಿಸಲಾಗಿದೆ, ದಯವಿಟ್ಟು ಸಾಧನವನ್ನು ರೀಸ್ಟಾರ್ಟ್ ಮಾಡಿ.

ನಾನು ಅರ್ಥ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ಅಂದ್ರೆ ನಾನು ಇನ್ನೊಂದು ಸಲ ಹುಟ್ಟಬೇಕಂತಾ?” ಎಂದರು.

ನಗು ಬಂತು, ನಕ್ಕೆ. ಅಜ್ಜಿಯೂ ನಕ್ಕರು. ಆಮೇಲೆ ಸೆರಗಿನ ತುದಿಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತ, ಔಷಧಿ ಅಂಗಡಿಯಲ್ಲಿ ಸಾಲ ಹೇಳಿದ್ದೀನಿ ಮೇಷ್ಟ್ರೇ, ನಂಗೆ ಸಾಲ ಹೇಳಿ ಅಭ್ಯಾಸ ಇಲ್ಲ ಎಂದರು. ಎರಡು ಪುಟದಲ್ಲಿ ನಾನು ಅವರನ್ನು ಐದು ಸಲ ಬೇಡುವವಳು ಎಂದು ಕರೆದಿದ್ದೆ. ಅವರು ನನ್ನ ಹತ್ತಿರ ಒಂದು ಸಲವೂ ಏನನ್ನೂ ಬೇಡಿರಲಿಲ್ಲ. ಒಂದು ಕಾಗದ ಬರೆಯಿರಿ ಎಂದಿದ್ದರು ಅಷ್ಟೆ.

ಪಿಂಚಣಿ ಬೇಡಿ ಪಡೆಯುವಂಥದ್ದಲ್ಲ ಎಂಬುದು ಈ ದೇಶದಲ್ಲಿ ಇತ್ಯರ್ಥವಾಗಿ ಬಹಳ ಕಾಲವಾಗಿದೆ. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಿಂಚಣಿ ಎಂಬುದು ಧಣಿಯ ಔದಾರ್ಯವಲ್ಲ, ಅವನ ಮರ್ಜಿಗೆ ಬಿಟ್ಟ ಕೃಪೆಯೂ ಅಲ್ಲ, ಸೇವೆ ಸಲ್ಲಿಸಿ ಗಳಿಸಿದ ಹಕ್ಕು ಎಂದು ಹೇಳಿತು. ಆ ದಿನವನ್ನೇ ಪಿಂಚಣಿದಾರರ ದಿನ ಎಂದು ಆಚರಿಸುತ್ತಾರೆ. ನಮ್ಮೂರಿನ ನಿವೃತ್ತರ ಸಂಘದಲ್ಲೂ ಅವತ್ತು ಶಾಲು ಹೊದಿಸುತ್ತಾರೆ. ನಾನೇ ಹೋದ ವರ್ಷ ಸ್ವಾಗತ ಭಾಷಣ ಮಾಡಿ, ನಕಾರಾ ಎಂಬ ಹೆಸರಿನಲ್ಲೇ ನಕಾರವಿದ್ದರೂ ತೀರ್ಪು ಸಕಾರಾತ್ಮಕ ಎಂದು ಚಪ್ಪಾಳೆ ಗಿಟ್ಟಿಸಿದ್ದೆ. ಅದೇ ಬಾಯಲ್ಲಿ ಹಂಬಲ್ ಸಪ್ಲಿಕೆಂಟ್! ಹಿಂದೆ ಕಾಂಗ್ರೆಸ್ಸಿನ ಮಂದಗಾಮಿಗಳು ಬ್ರಿಟಿಷರಿಗೆ ಅರ್ಜಿ ಮೇಲೆ ಅರ್ಜಿ ಬರೆದಾಗ ಉಗ್ರಗಾಮಿಗಳು ಅದನ್ನು ರಾಜಕೀಯ ಭಿಕ್ಷಾಟನೆ ಎಂದು ಹೀಯಾಳಿಸಿದ್ದರು. ಬ್ರಿಟಿಷರು ಹೋದರು, ಅವರ ಮುಂದೆ ಒಡ್ಡಿದ್ದ ಭಿಕ್ಷಾಪಾತ್ರೆಯ ವ್ಯಾಕರಣವನ್ನು ನನ್ನಂಥ ಮೇಷ್ಟ್ರುಗಳು ಪಾಲಿಶ್ ಮಾಡಿ ಇಟ್ಟುಕೊಂಡಿದ್ದೇವೆ.

ಹೊಸದೊಂದು ಅರ್ಜಿ ಬರೆಯುತ್ತೇನೆ, ಈ ಸಲ ಖಾರವಾಗಿ ಎಂದೆ. ಅಜ್ಜಿ ಬೇಡ ಎಂದರು. “ನೀವು ಬರೆದ್ರೆ ಮತ್ತೆ ಎಲ್ಲಿಗೆ ಹೋಗತ್ತೋ.”

ಮರುದಿನ ಬ್ಯಾಂಕಿನ ಬಾಗಿಲು ತೆಗೆಯುವ ಹೊತ್ತಿಗೆ ಅಜ್ಜಿ ಅಲ್ಲಿದ್ದರು. ಬಟ್ಟೆ ಚೀಲದಲ್ಲಿ ಒಂದು ಡಬ್ಬಿ ಮೊಸರವಲಕ್ಕಿ, ಒಂದು ಬಾಟಲಿ ನೀರು, ಒಂದು ಕಟ್ಟು ಹತ್ತಿ. ಮ್ಯಾನೇಜರರ ಕೋಣೆಯ ಎದುರಿಗಿದ್ದ ಕುರ್ಚಿಯಲ್ಲಿ ಕೂತು ಹೂಬತ್ತಿ ಹೊಸೆಯಲು ಶುರುಮಾಡಿದರು. ಏನು ಬೇಕಜ್ಜಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಏನೂ ಬೇಡಪ್ಪ. ನೀವು ನಿಮ್ಮ ಕೆಲಸ ಮಾಡಿ. ನನ್ನ ಹೆಚ್ ಸರಿಹೋದ ಮೇಲೆ ಹೋಗ್ತೀನಿ.” ಕೈ ಮುಗಿಯಲಿಲ್ಲ, ಧ್ವನಿ ಏರಿಸಲಿಲ್ಲ. ಒಂದು ತಾಸಿಗೆ ಕುರ್ಚಿಯ ಪಕ್ಕದ ಸ್ಟೀಲ್ ತಟ್ಟೆಯಲ್ಲಿ ಹೂಬತ್ತಿ ಗುಡ್ಡೆಯಾಯಿತು. ಬಂದ ಹೆಂಗಸರೆಲ್ಲ ಪಕ್ಕದಲ್ಲಿ ಕೂತು ವಿಚಾರಿಸಿದರು. ವಿಚಾರಿಸಿದವರೆಲ್ಲ ಕೌಂಟರಿನ ಕಡೆ ತಿರುಗಿ ಒಂದು ನೋಟ ನೋಡಿದರು. ಮಧ್ಯಾಹ್ನ ಅವಲಕ್ಕಿಯ ಡಬ್ಬಿ ಬಿಚ್ಚಿ, ಕೌಂಟರಿನ ಹುಡುಗಿಗೂ ಮುಚ್ಚಳದಲ್ಲಿ ಹಾಕಿ ಕೊಟ್ಟರಂತೆ. ಮ್ಯಾನೇಜರು ಎಷ್ಟು ಸಲ ಕೋಣೆಯಿಂದ ಹೊರಗೆ ಬಂದರೂ ಅಜ್ಜಿಯ ಮಂಡಿಗೆ ತಾಗದೆ ದಾಟಲು ಜಾಗವಿರಲಿಲ್ಲ.

ಸಾಲಗಾರನ ಬಾಗಿಲಲ್ಲಿ ಉಪವಾಸ ಕೂತು ಹಣ ವಸೂಲು ಮಾಡುವುದು ಈ ನೆಲದ ಹಳೆಯ ಪದ್ಧತಿ, ಧರಣಿ ಎಂಬ ಹೆಸರು ಅಲ್ಲಿಂದಲೇ. ಅದರ ಶಕ್ತಿಗೆ ಬೆದರಿಯೇ ಇರಬೇಕು, 1860ರ ಭಾರತೀಯ ದಂಡ ಸಂಹಿತೆಯ 508ನೆಯ ಕಲಮು, ದೇವರ ಕೋಪಕ್ಕೆ ಗುರಿಮಾಡುತ್ತೇನೆಂದು ನಂಬಿಸಿ ಒಬ್ಬರ ಬಾಗಿಲಲ್ಲಿ ಧರಣಿ ಕೂರುವುದನ್ನು ಅಪರಾಧದ ಉದಾಹರಣೆಯಾಗಿಯೇ ಕೊಟ್ಟಿತ್ತು. ಅಜ್ಜಿ ಆ ಕಲಮಿಗೆ ಸಿಕ್ಕುವವರಲ್ಲ. ಅವರು ಉಪವಾಸ ಇರಲಿಲ್ಲ, ದೇವರ ಹೆಸರೆತ್ತಲಿಲ್ಲ. ಹೊಸೆದದ್ದು ದೇವರ ದೀಪದ ಬತ್ತಿ ನಿಜ, ಆದರೆ ಅದನ್ನು ಬೆದರಿಕೆ ಎನ್ನಲು ಬರುತ್ತದೆಯೇ?

ಸಂಜೆಯೊಳಗೆ ಹೆಚ್ ಸರಿಹೋಯಿತು. ಹಿರಿಯ ಗುಮಾಸ್ತರೇ ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಮೂರು ಸಾಲು ಬರೆದು ಅಜ್ಜಿಯ ಸಹಿ ಹಾಕಿಸಿಕೊಂಡರಂತೆ: ಎರಡು ದಾಖಲೆಯಲ್ಲಿರುವುದೂ ನಾನೇ, ಸರಿಪಡಿಸಿ. ದಯಾಳು ಇಲ್ಲ, ದೊಡ್ಡ ಮನಸ್ಸು ಇಲ್ಲ. ಆ ಹಾಳೆಯನ್ನು ಮೊದಲನೆಯ ದಿನವೇ ಯಾಕೆ ಬರೆಸಿಕೊಳ್ಳಲಿಲ್ಲ ಎಂದು ನಾನು ಕೇಳಲು ಹೊರಟಾಗ ಹೆಂಡತಿ ತಡೆದಳು. “ನೀವು ಆ ಎರಡು ಪುಟ ಕೊಟ್ಟಿದ್ರಲ್ಲ” ಎಂದಳು. ಬಾಕಿ ಹಣವೂ ಆಮೇಲೆ ಬಂತು, ಔಷಧಿ ಅಂಗಡಿಯ ಸಾಲ ತೀರಿತು. ನನಗೊಂದು ಹಿಡಿ ಹೂಬತ್ತಿ ಬಂತು.

ಮನೆಯಲ್ಲಿ ಪಿಂಚಣಿದಾರರಿರುವ ಓದುಗರಿಗೆ ಒಂದು ಮಾತು. ಸರ್ಕಾರಿ ಪಿಂಚಣಿಯನ್ನಾಗಲಿ ಅದರ ಬಾಕಿಯನ್ನಾಗಲಿ ಜಮಾ ಮಾಡುವುದು ತಡವಾದರೆ, ತಡವಾದ ಅವಧಿಗೆ ವರ್ಷಕ್ಕೆ ಶೇ 8ರ ದರದಲ್ಲಿ ಪರಿಹಾರವನ್ನು ಬ್ಯಾಂಕು ತಾನಾಗಿಯೇ ಖಾತೆಗೆ ಹಾಕಬೇಕು, ಪಿಂಚಣಿದಾರರು ಅದಕ್ಕೆ ಅರ್ಜಿ ಕೊಡಬೇಕಾಗಿಲ್ಲ ಎಂದು ರಿಸರ್ವ್ ಬ್ಯಾಂಕು ಹೇಳಿದೆ. ಪಾಸ್‌ಬುಕ್ ತೆಗೆದು ನೋಡಿಕೊಳ್ಳಿ. ಅಜ್ಜಿಯದರಲ್ಲಿ ಇನ್ನೂ ಬಂದಿಲ್ಲ, ಹತ್ತಿ ತರಿಸಿಟ್ಟಿದ್ದಾರೆ.